ಬೆನ್ನು ತೆರೆದ ಗಾಡಿ

ಆಗಸ್ಟ್ ತಿಂಗಳ ಮೊದಲ ವಾರ, ಕೊಚ್ಚಿಯ ವೈಪಿನ್ ದ್ವೀಪದ ತೆಂಕಣ ತುದಿ. ಟ್ರಾಲಿಂಗ್ ನಿಷೇಧದ ಐವತ್ತೆರಡು ದಿನಗಳು ಜುಲೈ 31ರ ಮಧ್ಯರಾತ್ರಿಗೆ ಮುಗಿದಿವೆ. ದಡಕ್ಕೆ ಕಟ್ಟಿಹಾಕಿದ್ದ ಬೋಟುಗಳು ಆಳಸಮುದ್ರಕ್ಕೆ ಹೋಗಿ ಕಿಳಿಮೀನು, ಕರಿಕ್ಕಾಡಿ ಸಿಗಡಿ ಹೊತ್ತು ಹಿಂದಿರುಗಿವೆ. ಇನ್ನೂ ಬೆಳಕು ಹರಿದಿಲ್ಲ, ಆದರೆ ಜೆಟ್ಟಿಯ ರಸ್ತೆಯಲ್ಲಿ ಆಗಲೇ ಗಾಡಿಗಳ ಸಾಲು. ಮುಂದೆ ನಾಲ್ಕೈದು ಪೆಟ್ಟಿ ಆಟೊ, ಅವುಗಳ ಬೆನ್ನಿಗೆ ಹಳದಿ ಬೋರ್ಡಿನ ಬೊಲೆರೊ ಪಿಕಪ್‌ಗಳು. ನೀಲಿ ಕ್ರೇಟುಗಳ ನಡುವೆ ಸುರಿದ ಮಂಜುಗಡ್ಡೆ ಕರಗಿ, ಹಿಂಬಾಗಿಲ ಸಂದಿಯಿಂದ ಉಪ್ಪುನೀರು ಧಾರೆಯಾಗಿ ಇಳಿಯುತ್ತಿದೆ. ಮಳೆ ಬರುತ್ತದೆ, ನಿಲ್ಲುತ್ತದೆ, ಮತ್ತೆ ಬರುತ್ತದೆ. ಯಾರೂ ತಲೆ ಎತ್ತಿ ನೋಡುವುದಿಲ್ಲ.

ಈ ಸಾಲಿನ ನಡುವೆ ಒಂದು ಗಾಡಿ ಉಳಿದವಕ್ಕಿಂತ ಎತ್ತರಕ್ಕೆ ನಿಂತಿದೆ. ಬಿಳಿ ಬೋರ್ಡು, ನಾಲ್ಕು ಬಾಗಿಲು, ಐದು ಜನ ಕೂರುವ ಕ್ಯಾಬಿನ್ನು, ಅದರ ಹಿಂದೆ ತೆರೆದ ಉದ್ದನೆಯ ಬಾಡಿ. ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್. ಬಾಡಿಯಲ್ಲಿ ಎರಡು ಸೈಕಲ್ಲು, ಟಾರ್ಪಾಲು ಹೊದಿಸಿದ ಒಂದು ಫ್ರಿಜ್ಜು, ಒಂದು ಗೊನೆ ನೇಂದ್ರ ಬಾಳೆ. ಮೀನಿನ ಗಾಡಿಯವರು ಅದನ್ನು ಸುತ್ತಿ ಬಂದು ನೋಡುತ್ತಾರೆ. ಒಬ್ಬ ಬಗ್ಗಿ ಹಿಂದಿನ ಆಕ್ಸಲ್ ಕೆಳಗೆ ಕೈ ಹಾಕಿ ಕಮಾನ್ ಪ್ಲೇಟುಗಳನ್ನು ಎಣಿಸುತ್ತಾನೆ. ಇನ್ನೊಬ್ಬ ಎಷ್ಟು ಟನ್ ಎಳೆಯುತ್ತದೆ ಎಂದು ಕೇಳುತ್ತಾನೆ. ಪಿಕಪ್ ಇಟ್ಟವರು ಇನ್ನೊಂದು ಪಿಕಪ್ ಕಂಡಾಗ ಮೊದಲು ಕೇಳುವುದು ಇದನ್ನೇ. ಬಣ್ಣದ ಮಾತು, ಬೆಲೆಯ ಮಾತು ಆಮೇಲೆ.

ವಾಹನಗಳನ್ನು ದಾಟಿಸುವ ಜಂಗಾರ್ ಬಂತು. 2018ರಿಂದ ವೈಪಿನ್ ಮತ್ತು ಫೋರ್ಟ್ ಕೊಚ್ಚಿಯ ನಡುವೆ ‘ಸೇತು ಸಾಗರ್’ ಎಂಬ ಹೆಸರಿನ ರೋ-ರೋ ಹಡಗುಗಳು ಓಡಾಡುತ್ತಿವೆ. ಕೊಚ್ಚಿನ್ ಶಿಪ್‌ಯಾರ್ಡಿನಲ್ಲೇ ಕಟ್ಟಿದವು. ಎದುರು ದಡ ಕಣ್ಣಿಗೆ ಕಾಣುತ್ತದೆ, ಚೀನೀ ಬಲೆಗಳ ಕೋಲುಗಳು ಮಬ್ಬಿನಲ್ಲಿ ಗೆರೆಗೆರೆಯಾಗಿ ಕಾಣುತ್ತವೆ. ಆದರೂ ಈ ಹಡಗು ತಪ್ಪಿದರೆ ಗೋಶ್ರೀ ಸೇತುವೆ ಹತ್ತಿ, ಎರ್ನಾಕುಳಂ ದಾಟಿ, ತೋಪ್ಪುಂಪಡಿಯನ್ನು ಸುತ್ತಿಕೊಂಡು ಬರಬೇಕು. ಕಬ್ಬಿಣದ ರ‍್ಯಾಂಪು ಕಾಂಕ್ರೀಟಿಗೆ ಬಡಿದು ನಿಲ್ಲುತ್ತದೆ. ಸೀಟಿ ಊದುವವನು ಕೈ ಬೀಸುತ್ತ “ಪೋರಟ್ಟೆ, ಪೋರಟ್ಟೆ” ಎಂದು ಕರೆಯುತ್ತಾನೆ. ಪೆಟ್ಟಿ ಆಟೊಗಳು ಓಡಿ ಮೂಲೆ ಸೇರುತ್ತವೆ, ಬೊಲೆರೊಗಳು ಅಂಗೈಯಗಲ ಜಾಗ ಬಿಟ್ಟು ಒಂದಕ್ಕೊಂದು ಅಂಟಿ ನಿಲ್ಲುತ್ತವೆ. ವಿ-ಕ್ರಾಸಿನ ಸರದಿ ಬಂದಾಗ ಸೀಟಿಯವನು ಎರಡು ಗಾಡಿಗಳನ್ನು ಹಿಂದಕ್ಕೆ ಕಳಿಸಿ ಜಾಗ ಮಾಡಿಕೊಡುತ್ತಾನೆ. ಅದರ ಉದ್ದ ಸುಮಾರು 5.3 ಮೀಟರ್, ಸುತ್ತು ತಿರುಗಲು ಬೇಕಾದ ತ್ರಿಜ್ಯ ಆರು ಮೀಟರಿಗೂ ಹೆಚ್ಚು. ಮುಂದಿನ ಚಕ್ರ ಹಡಗು ಹತ್ತಿ ಎಷ್ಟೋ ಹೊತ್ತಿಗೆ ಹಿಂದಿನ ಚಕ್ರ ದಡ ಬಿಡುತ್ತದೆ.

ಫೋರ್ಟ್ ಕೊಚ್ಚಿಯಲ್ಲಿ ಇಳಿದ ಮೇಲೆ ಈ ಉದ್ದದ ಪರೀಕ್ಷೆ ಶುರು. ಡಚ್ಚರ ಕಾಲದ ಗೋಡೆಗಳು, ಮಳೆಮರಗಳ ಬೇರು ಎತ್ತಿಹಾಕಿದ ಕಾಲುದಾರಿ, ಎದುರಿಗೆ ಬರುವ ಶಾಲೆಯ ವ್ಯಾನು. ಮಟ್ಟಾಂಚೇರಿಯ ಬಜಾರ್ ರಸ್ತೆಯಲ್ಲಿ ಒಣಶುಂಠಿ, ಮೆಣಸಿನ ಮೂಟೆಗಳನ್ನು ಇಳಿಸುವ ಗೋದಾಮುಗಳ ಬಾಗಿಲು ನೇರ ರಸ್ತೆಗೇ ತೆರೆಯುತ್ತದೆ. ಒಂದು ಲಾರಿ ನಿಂತರೆ ಉಳಿದವರು ಕಾಯಬೇಕು. ಇಲ್ಲಿ ವಿ-ಕ್ರಾಸ್ ಓಡಿಸುವವರು ಮೊದಲು ಕಲಿಯುವ ವಿದ್ಯೆ ಕನ್ನಡಿ ಮಡಚುವುದು. ಎರಡನೆಯದು, ಎದುರಿನ ಗಾಡಿ ಕಾಣುವ ಮೊದಲೇ ಅಗಲದ ಜಾಗ ನೋಡಿ ನಿಂತುಬಿಡುವುದು. ಕೊಚ್ಚಿಯ ಮಾಲ್‌ಗಳಲ್ಲಿ ಪಾರ್ಕಿಂಗಿನ ಬಿಳಿ ಗೆರೆಗಳು ಸಾಧಾರಣವಾಗಿ ಐದು ಮೀಟರಿನ ಲೆಕ್ಕದವು. ಪಿಕಪ್ಪಿನ ಬಾಲ ಗೆರೆಯಿಂದಾಚೆ ಉಳಿಯುತ್ತದೆ, ಕಾವಲಿನವರು ಬಂದು ಗೋಡೆಯ ಪಕ್ಕದ ಮೂಲೆ ತೋರಿಸುತ್ತಾರೆ. ಕೇರಳದ ಮನೆಗಳ ಗೇಟುಗಳೂ ಹಾಗೆಯೇ. ಮಾರುತಿ 800ರ ಕಾಲದಲ್ಲಿ ಕಟ್ಟಿದ ಪೋರ್ಚಿನಲ್ಲಿ ಅರ್ಧ ಗಾಡಿ ನೆರಳಿಗೆ, ಇನ್ನರ್ಧ ಮಳೆಗೆ. ಗೇಟು ಕಿತ್ತು ಹೊಸದಾಗಿ ಜಾರುಗೇಟು ಹಾಕಿಸುವ ಖರ್ಚನ್ನು ಗಾಡಿಯ ಬೆಲೆಯೊಂದಿಗೇ ಸೇರಿಸಿ ಲೆಕ್ಕ ಹಾಕಬೇಕು ಎಂದು ಹಳೆಯ ಮಾಲೀಕರು ಹೊಸಬರಿಗೆ ಹೇಳುತ್ತಾರೆ.

ಇಷ್ಟೆಲ್ಲ ತೊಡಕಿದ್ದೂ ಈ ಊರುಗಳಲ್ಲಿ ಪಿಕಪ್ ಬೇಕೆನ್ನುವವರು ಏಕಿದ್ದಾರೆ ಎಂಬುದಕ್ಕೆ ಉತ್ತರ ಅರಬ್ಬಿ ಸಮುದ್ರದ ಆಚೆ ದಡದಲ್ಲಿದೆ. ಎಪ್ಪತ್ತರ ದಶಕದಿಂದ ಕೊಲ್ಲಿ ನಾಡಿಗೆ ಹೋದ ಮಲಯಾಳಿಗಳಲ್ಲಿ ಎಷ್ಟೋ ಜನ ಮೊದಲು ಸ್ಟಿಯರಿಂಗ್ ಹಿಡಿದದ್ದು ಡಾಟ್ಸನ್ ಅಥವಾ ಟೊಯೊಟಾ ಹೈಲಕ್ಸ್ ಪಿಕಪ್ಪಿನಲ್ಲಿ. ಕಿರಾಣಿ ಅಂಗಡಿಯ ನೀರಿನ ಕ್ಯಾನು, ಗ್ಯಾಸ್ ಸಿಲಿಂಡರು, ಕಟ್ಟಡದ ಕಬ್ಬಿಣ, ಹೊಸ ಕ್ಯಾಂಪಿಗೆ ಸಾಗುವ ಹಾಸಿಗೆ ಸುರುಳಿ, ಎಲ್ಲವೂ ಅದರ ಬೆನ್ನ ಮೇಲೆ. ಮರಳಿನಲ್ಲಿ ಹೂತರೆ ಟೈರಿನ ಗಾಳಿ ಇಳಿಸಿ ಎಬ್ಬಿಸಿದ್ದು, ಐವತ್ತು ಡಿಗ್ರಿ ಹತ್ತಿರದ ಬಿಸಿಲಿನಲ್ಲೂ ಎಂಜಿನ್ ಕೈಕೊಡದೆ ಓಡಿದ್ದು, ಈ ನೆನಪುಗಳು ಊರಿಗೆ ಬರುವಾಗ ಅವರ ಜೊತೆಯಲ್ಲೇ ಬಂದವು. ಹೈಲಕ್ಸ್ ಹುಟ್ಟಿದ್ದು 1968ರಲ್ಲಿ, ಜಪಾನಿನಲ್ಲಿ. ಭಾರತದ ಮಾರುಕಟ್ಟೆಗೆ ಅದು ಬಂದದ್ದು 2022ರಲ್ಲಿ. ನಡುವಿನ ಐವತ್ತು ಚಿಲ್ಲರೆ ವರ್ಷ ಅದರ ಹೆಸರು ಕೇರಳದ ಮನೆಮನೆಯಲ್ಲಿತ್ತು, ಗಾಡಿ ಮಾತ್ರ ಇರಲಿಲ್ಲ.

ಆ ಖಾಲಿ ಜಾಗದಲ್ಲಿ ನಮ್ಮದೇ ಗಾಡಿಗಳು ದುಡಿದವು. 1988ರಲ್ಲಿ ಟಾಟಾಮೊಬೈಲ್ ಬಂತು. ಆಮೇಲೆ 207, ಮಹೀಂದ್ರಾ ಪಿಕಪ್‌ಗಳು, 2005ರಲ್ಲಿ ಟಾಟಾ ಏಸ್, 2011ರಲ್ಲಿ ಅಶೋಕ್ ಲೇಲ್ಯಾಂಡ್ ದೋಸ್ತ್. ಮಹೀಂದ್ರಾ ಸ್ಕಾರ್ಪಿಯೊ ಗೆಟ್‌ಅವೇ, ಟಾಟಾ ಝೆನನ್ ಮನೆಯ ಗಾಡಿಯಾಗಲು ಪ್ರಯತ್ನಿಸಿದವು, ಹೆಚ್ಚು ಕಾಲ ನಿಲ್ಲಲಿಲ್ಲ. 2016ರ ಮೇ ತಿಂಗಳಲ್ಲಿ ಇಸುಜು ಕಂಪನಿ ಆಂಧ್ರದ ಶ್ರೀಸಿಟಿಯ ತನ್ನ ಹೊಸ ಕಾರ್ಖಾನೆಯಿಂದ ವಿ-ಕ್ರಾಸನ್ನು ಹೊರತಂದಾಗ ಚೆನ್ನೈ ಎಕ್ಸ್‌ಶೋರೂಂ ಬೆಲೆ 12.49 ಲಕ್ಷ ರೂಪಾಯಿ. ಕೊಲ್ಲಿಯಲ್ಲಿ ಮಾಲೀಕನ ಗಾಡಿ ಓಡಿಸಿ ಬಂದವನಿಗೆ ಅಂಥದ್ದೊಂದನ್ನು ತನ್ನ ಹೆಸರಿನಲ್ಲಿ, ಬಿಳಿ ಬೋರ್ಡಿನಲ್ಲಿ ನೋಂದಾಯಿಸುವ ಅವಕಾಶ ಅದು. ಇದರ ಬೆಲೆಯನ್ನು ನಾನು ರೂಪಾಯಿಯಲ್ಲಿ ಅಳೆಯಲಾರೆ.

ಹೈಲಕ್ಸ್ ಬರುವಾಗ ಅದಕ್ಕೊಂದು ಕನ್ನಡದ ವಿಳಾಸ ಸೇರಿಕೊಂಡಿತು. ಭಾರತದ ಹೈಲಕ್ಸ್ ತಯಾರಾಗುವುದು ಬಿಡದಿಯಲ್ಲಿ. ತಟ್ಟೆ ಇಡ್ಲಿಗೆ ನಿಲ್ಲುವ ನಾವು ಪಕ್ಕದಲ್ಲಿ ಸಾಗುವ ಕಾರು ಸಾಗಣೆಯ ಉದ್ದನೆಯ ಟ್ರೇಲರುಗಳನ್ನು ಅಷ್ಟಾಗಿ ಗಮನಿಸುವುದಿಲ್ಲ. ಅಂಥ ಟ್ರೇಲರು ಸೇಲಂ, ಕೊಯಮತ್ತೂರು ದಾಟಿ, ವಾಳಯಾರಿನಲ್ಲಿ ಕೇರಳ ಹೊಕ್ಕು, 2021ರಲ್ಲಿ ತೆರೆದ ಕುದಿರಾನ್ ಸುರಂಗದ ಮೂಲಕ ತ್ರಿಶೂರಿಗೆ ಬಂದು, ಅಂಗಮಾಲಿ, ಆಲುವಾ ಮೇಲೆ ಕೊಚ್ಚಿಗೆ ಇಳಿಯುತ್ತದೆ. 2022ರ ಮಾರ್ಚಿನಲ್ಲಿ ಘೋಷಿಸಿದ ಆರಂಭದ ಬೆಲೆ 33.99 ಲಕ್ಷ. 2.8 ಲೀಟರಿನ ಡೀಸೆಲ್ ಎಂಜಿನ್ನು, 204 ಅಶ್ವಶಕ್ತಿ, 700 ಮಿಲಿಮೀಟರ್ ಆಳದ ನೀರಿನಲ್ಲಿ ಹಾದುಹೋಗುವ ಶಕ್ತಿ. ಈ ಕೊನೆಯ ಅಂಕಿಗೆ ಕೇರಳದಲ್ಲಿ ಬೇರೆಯದೇ ತೂಕವಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಜಗತ್ತು ‘ಫುಲ್ ಸೈಜ್’ ಎಂದು ಕರೆಯುವ ಪಿಕಪ್ ಇವೆರಡಕ್ಕಿಂತಲೂ ದೊಡ್ಡದು. 1977ರಿಂದ ಅಮೆರಿಕದ ಮಾರಾಟದಲ್ಲಿ ಟ್ರಕ್ಕುಗಳ ಮೊದಲ ಸ್ಥಾನ ಬಿಡದ ಫೋರ್ಡ್ ಎಫ್ ಸರಣಿಯ ಎಫ್-150, ಕನ್ನಡಿ ಬಿಟ್ಟು ಎರಡು ಮೀಟರಿಗೂ ಅಗಲ. ಅದನ್ನು ಇಲ್ಲಿ ಯಾವ ಕಂಪನಿಯೂ ಮಾರುವುದಿಲ್ಲ. ಹಾಗಾಗಿ ಮಟ್ಟಾಂಚೇರಿಯ ಕಣ್ಣಿಗೂ ತಿರುವನಂತಪುರದ ಚಾಲ ಬಜಾರಿನ ಕಣ್ಣಿಗೂ ವಿ-ಕ್ರಾಸ್, ಹೈಲಕ್ಸ್‌ಗಳೇ ಪೂರಾ ದೊಡ್ಡ ಪಿಕಪ್. ಒಂದೊಂದು ಓಣಿಯಲ್ಲಿ ಅವೂ ಹೆಚ್ಚಾಗುತ್ತವೆ.

ಕೊಂಡ ಹೊಸದರಲ್ಲಿ ಮಾಲೀಕರ ಮನೆಯವರು ಮಾಡುವ ಮೊದಲ ತಕರಾರು ಹಿಂದಿನ ಸೀಟಿನ ಕುಲುಕಾಟ. ಅದಕ್ಕೆ ಕಾರಣ ಸರಳ. ಕಾರಿನ ಹಿಂಭಾಗದಲ್ಲಿ ಸುರುಳಿ ಸ್ಪ್ರಿಂಗ್ ಇರುತ್ತದೆ, ಇಲ್ಲಿ ಲಾರಿಯ ಹಾಗೆ ಉಕ್ಕಿನ ಪಟ್ಟಿಗಳ ಕಮಾನು. ನೂರಾರು ಕಿಲೋ ಹೇರಿದರೂ ಬಾಗಿ ತಡೆದುಕೊಳ್ಳಬೇಕೆಂದೇ ಅವನ್ನು ಬಿಗಿಯಾಗಿ ಮಾಡಿರುತ್ತಾರೆ. ಬಾಡಿ ಖಾಲಿ ಇದ್ದರೆ ಆ ಪಟ್ಟಿಗಳಿಗೆ ಬಾಗಲು ಏನೂ ಸಿಗದು. ಹೊರೆಯಿಲ್ಲದ ಎತ್ತಿನ ಗಾಡಿ ಕಲ್ಲುದಾರಿಯಲ್ಲಿ ಗಡಗಡಿಸುವಂತೆ, ಪ್ರತಿ ಗುಂಡಿಯ ಪೆಟ್ಟೂ ಬೆನ್ನುಮೂಳೆಗೆ ಬರುತ್ತದೆ. ಕೊಚ್ಚಿಯಿಂದ ತೆಂಕಣಕ್ಕೆ ಹೊರಟು ಅರೂರು ದಾಟಿದರೆ ಇದು ಚೆನ್ನಾಗಿ ಗೊತ್ತಾಗುತ್ತದೆ. ಅರೂರಿನಿಂದ ತುರವೂರಿನವರೆಗೆ 12.75 ಕಿಲೋಮೀಟರ್ ಉದ್ದದ ಎತ್ತರದ ಹೆದ್ದಾರಿ ಕಟ್ಟುವ ಕೆಲಸದ ವರ್ಷಗಳಲ್ಲಿ ಕೆಳಗಿನ ರಸ್ತೆ ಕೆಸರು, ಕಂಬದ ಗುಂಡಿ, ತಿರುವು ಫಲಕಗಳ ನಡುವೆ ಮೈಲುಗಟ್ಟಲೆ ಸಾಲು. ಸಣ್ಣ ಕಾರಿನವರು ಹೊಟ್ಟೆ ತಗುಲುತ್ತದೆಂದು ಹೆದರುವಲ್ಲಿ ಪಿಕಪ್ಪಿನವರು ಆರಾಮಾಗಿ ಇಳಿದು ಹತ್ತುತ್ತಾರೆ. ಆದರೆ ಒಳಗೆ ಕೂತ ಅಜ್ಜಿ ಮೇಲಿನ ಹಿಡಿ ಬಿಡುವುದಿಲ್ಲ.

ಮೆಕ್ಯಾನಿಕ್ಕುಗಳು ಹೇಳುವ ಮದ್ದು ಹಳೆಯದು. ಹಿಂದೆ ನಾಲ್ಕು ಮೂಟೆ ಮರಳು ಹಾಕಿ ಎನ್ನುತ್ತಾರೆ. ಹಾಕಿದ ಮೇಲೆ ಗಾಡಿಯ ನಡೆ ಬದಲಾಗುತ್ತದೆ. ಮೂಗು ತಗ್ಗಿ ಬಾಲ ಎದ್ದಿದ್ದ ಮೈ ನೆಲಕ್ಕೆ ಸಮವಾಗುತ್ತದೆ, ತಿರುವಿನಲ್ಲಿ ಹಿಂದಿನ ಚಕ್ರ ಒದ್ದೆ ಡಾಂಬರನ್ನು ಕಚ್ಚಿ ಹಿಡಿಯುತ್ತದೆ, ಬ್ರೇಕಿನಲ್ಲಿ ಜಾರಾಟ ನಿಲ್ಲುತ್ತದೆ. ಪಿಕಪ್ಪಿನ ಬಗ್ಗೆ ನನಗೆ ಅತ್ಯಂತ ಪ್ರಿಯವಾದ ಸಂಗತಿಯೂ ಇದೇ. ಭಾರ ಬಿದ್ದಾಗಲೇ ಅದು ಮೆತ್ತಗೆ ನಡೆಯುತ್ತದೆ. ಹಾಗೆಂದೇ ಅದನ್ನು ಕಟ್ಟಿದ್ದಾರೆ.

ಉಳಿದದ್ದು ಮಳೆ. ವರ್ಷಕ್ಕೆ ಸರಾಸರಿ 3,000 ಮಿಲಿಮೀಟರ್ ಸುರಿಯುವ ನಾಡಿನಲ್ಲಿ ತೆರೆದ ಬೆನ್ನು ಎಂದರೆ ತೊಟ್ಟಿಯೇ. ಎಡವಪ್ಪಾತಿ ಎಂಬ ಮುಂಗಾರು ಜೂನಿನಲ್ಲಿ ಶುರುವಾದರೆ ಸೆಪ್ಟೆಂಬರಿನವರೆಗೆ, ಆಮೇಲೆ ಮಧ್ಯಾಹ್ನದ ಗುಡುಗಿನ ಜೊತೆ ತುಲಾವರ್ಷ ಎಂಬ ಹಿಂಗಾರು. ನೀರು ಹೋಗುವ ರಂಧ್ರಗಳು ಎಲೆಯಿಂದ ಕಟ್ಟಿಕೊಂಡರೆ ಬಾಡಿಯಲ್ಲಿ ಮಕ್ಕಳು ಕಾಗದದ ದೋಣಿ ಬಿಡಬಹುದು. ಮುಚ್ಚಳ ಹಾಕಿಸಿದರೆ ಎತ್ತರದ ಸಾಮಾನು ಹಿಡಿಸದು, ಟಾರ್ಪಾಲು ಕಟ್ಟಿದರೆ ಹೆದ್ದಾರಿಯ ಗಾಳಿಗೆ ಪಟಪಟ ಬಡಿಯುತ್ತದೆ. ಕಡಲ ದಡದಲ್ಲಿ ಇರುವವರಿಗೆ ಉಪ್ಪಿನ ಕಾಟ ಬೇರೆ. ಮೀನು ಹೊರುವ ಬೊಲೆರೊಗಳ ತಳಕ್ಕೆ ತುಕ್ಕು ತಿಂದು ತೂತು ಬೀಳುತ್ತದೆ, ತಗಡು ಹಾಕಿ ಬೆಸುಗೆ ಮಾಡಿಸುತ್ತಲೇ ಇರಬೇಕು. ತೋಪ್ಪುಂಪಡಿ ಬಂದರಿನ ಹತ್ತಿರದ ಸರ್ವಿಸ್ ಅಂಗಡಿಗಳಲ್ಲಿ ಸಂಜೆಯಾದರೆ ಒಂದೇ ನೋಟ. ಜಾಕಿಯ ಮೇಲೆ ಗಾಡಿ, ಕೆಳಗಿನಿಂದ ರಭಸದ ಸಿಹಿನೀರು, ಪ್ಲೇಟುಗಳ ಸಂದಿಗೆ ಹಳೆಯ ಎಂಜಿನ್ ಆಯಿಲಿನ ಸಿಂಪಡಣೆ.

ಕಾನೂನಿನ ಕಣ್ಣೂ ಈ ಗಾಡಿಯ ಮೇಲೆ ಹೆಚ್ಚು. ಬಿಳಿ ಬೋರ್ಡಿನ ಪಿಕಪ್ಪಿನಲ್ಲಿ ಮನೆಯ ಸಾಮಾನು ಒಯ್ಯಬಹುದು, ಬಾಡಿಗೆಗೆ ಸರಕು ಹೊರುವಂತಿಲ್ಲ. ಎತ್ತರ ಹೆಚ್ಚಿಸುವುದು, ಅಗಲ ಟೈರು, ಹೆಚ್ಚುವರಿ ದೀಪದ ಪಟ್ಟಿ, ಮುಂದೆ ಕಬ್ಬಿಣದ ಬುಲ್ ಬಾರ್, ಇವೆಲ್ಲ ಪಿಕಪ್ ಪ್ರೇಮಿಗಳ ಕನಸು. 2019ರ ಜನವರಿ 9ರಂದು ಸುಪ್ರೀಂ ಕೋರ್ಟು ಕೇರಳದ್ದೇ ಒಂದು ಪ್ರಕರಣದಲ್ಲಿ, ತಯಾರಕರು ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು ಹೇಳಿತು. ಮೋಟಾರು ವಾಹನ ಇಲಾಖೆಯ ತಪಾಸಣೆ ಇಲ್ಲಿ ಬಿಗಿ. ಅದರ ಮೇಲೆ 2023ರ ಜೂನ್‌ನಿಂದ ರಾಜ್ಯದ ರಸ್ತೆಗಳಲ್ಲಿ ಎಐ ಕ್ಯಾಮೆರಾಗಳು ದಂಡ ಹಾಕುತ್ತಿವೆ. ಹಿಂದಿನ ಬಾಡಿಯಲ್ಲಿ ಜನರನ್ನು ಕೂರಿಸುವುದಂತೂ ನಿಷಿದ್ಧ. ನನಗೆ ಈ ಕಟ್ಟುನಿಟ್ಟು ಸರಿಯೆಂದೇ ಕಾಣುತ್ತದೆ. ಇಷ್ಟು ಕಿರಿದಾದ ರಸ್ತೆಯಲ್ಲಿ ಇಷ್ಟು ಭಾರದ ಗಾಡಿ ಓಡುವಾಗ ಎದುರಿಗೆ ಸೈಕಲ್ಲಿನಲ್ಲಿ ಬರುವ ಮಗುವಿನ ಕಡೆಯಿಂದಲೂ ಯೋಚಿಸಬೇಕು.

ಆಲಪ್ಪುಳ ಬೈಪಾಸಿನ ಮೇಲೆ ಕಡಲಗಾಳಿ ಹೀರಿ, ಕೊಲ್ಲಂ ದಾಟಿ, ಕಳಕ್ಕೂಟ್ಟದಲ್ಲಿ ಟೆಕ್ನೋಪಾರ್ಕಿನ ಗಾಜಿನ ಕಟ್ಟಡಗಳ ಎದುರು ಮೇಲ್ಸೇತುವೆ ಹತ್ತಿ ಇಳಿದರೆ ತಿರುವನಂತಪುರ. ಕೊಚ್ಚಿಯ ಪಿಕಪ್ಪಿನ ಮೈಗೆ ಮೀನಿನ ವಾಸನೆಯಾದರೆ ಇಲ್ಲಿ ಬೆಳಗಿನ ಜಾವ ಹೂವಿನದು. ಕನ್ಯಾಕುಮಾರಿ ಜಿಲ್ಲೆಯ ತೋವಾಳದಿಂದ ಸೇವಂತಿಗೆ, ಕಣಗಿಲೆ, ಮಲ್ಲಿಗೆ ಹೊತ್ತ ಗಾಡಿಗಳು ಕತ್ತಲಲ್ಲೇ ಕಿಳಕ್ಕೇಕೋಟ ಬಳಿಯ ಚಾಲ ಬಜಾರಿಗೆ ಬರುತ್ತವೆ. ಓಣಂ ಹೊತ್ತಿಗೆ ಕೇರಳದ ಹೂವಿನ ಹಸಿವು ನಮ್ಮ ಗುಂಡ್ಲುಪೇಟೆಯವರೆಗೂ ಚಾಚುತ್ತದೆ. ಅಲ್ಲಿನ ಚೆಂಡುಹೂ ತುಂಬಿದ ಪಿಕಪ್‌ಗಳು ಬಂಡೀಪುರದ ಗೇಟು ರಾತ್ರಿ ಒಂಬತ್ತಕ್ಕೆ ಮುಚ್ಚುವ ಮೊದಲು ದಾಟಲು ಓಡುವುದನ್ನು ಆ ದಾರಿಯ ಕನ್ನಡಿಗರು ಬಲ್ಲರು. ಅತ್ತಂನಿಂದ ತಿರುವೋಣದವರೆಗೆ ಹತ್ತು ದಿನ ಅಂಗಳದಲ್ಲಿ ಪೂಕ್ಕಳಂ ಬಿಡಿಸುವ ಹುಡುಗಿಯರ ಕೈಗೆ ಆ ಹಳದಿ, ಆ ಕಿತ್ತಳೆ ಬಣ್ಣ ತಲುಪುವುದು ಯಾರದೋ ಪಿಕಪ್ಪಿನ ಕಮಾನು ಬಾಗಿದಾಗ.

ಚಾಲದಲ್ಲಿ ಗಾಡಿ ನಿಂತ ಕೂಡಲೇ ಇಳಿಸುವ ಕೈಗಳು ಬರುತ್ತವೆ. ನೀಲಿ ಅಂಗಿ, ತಲೆಗೆ ಸುತ್ತಿದ ತೋರ್ತು. 1978ರ ಹಮಾಲಿ ಕಾರ್ಮಿಕರ ಕಾಯ್ದೆ ಇವರ ಕೆಲಸಕ್ಕೆ, ಕೂಲಿಗೆ ಒಂದು ವ್ಯವಸ್ಥೆ ತಂದಿತು. ಮೂಟೆಯ ಭಾರಕ್ಕೆ ಕುತ್ತಿಗೆ ಸವೆಸಿದ ತಲೆಮಾರುಗಳಿಗೆ ಅದು ನ್ಯಾಯವಾಗಿಯೇ ಸಲ್ಲಬೇಕಿದ್ದುದು. ಅದರ ನೆರಳಿನಲ್ಲಿ ಬೆಳೆದ ‘ನೋಕ್ಕುಕೂಲಿ’, ಎಂದರೆ ಮುಟ್ಟದೆ ನೋಡಿ ನಿಂತದ್ದಕ್ಕೂ ಕೂಲಿ ಕೇಳುವ ರೂಢಿ, ಸ್ವಂತ ಪಿಕಪ್ಪಿನಲ್ಲಿ ಸ್ವಂತ ಮನೆಯ ಟೈಲ್ಸು ತಂದವರಿಗೂ ತಲೆನೋವಾಗಿತ್ತು. ಸರ್ಕಾರ 2018ರ ಮೇ 1ರಂದು, ಕಾರ್ಮಿಕ ದಿನದಂದೇ, ಅದನ್ನು ನಿಲ್ಲಿಸಿತು. ಆಮೇಲೂ ಅಲ್ಲಲ್ಲಿ ಜಗಳಗಳಾದವು, ಹೈಕೋರ್ಟು ಗದರಿತು. ಇಂದು ಚಾಲದಲ್ಲಿ ಬೆಳಗಿನ ಹೊತ್ತು ನಿಂತು ನೋಡಿದರೆ ಕಾಣುವುದು ಕೆಲಸದ ವೇಗವೇ. ಐವತ್ತು ಕಿಲೋದ ಮೂಟೆ ಬಾಡಿಯ ಅಂಚಿನಿಂದ ತಲೆಗೆ, ತಲೆಯಿಂದ ಅಂಗಡಿಯ ಒಳಗತ್ತಲಿಗೆ. ಪ್ರತಿ ಮೂಟೆ ಇಳಿದಾಗಲೂ ಗಾಡಿಯ ಹಿಂಭಾಗ ಒಂದಿಷ್ಟು ಮೇಲೇಳುತ್ತದೆ.

2018. ಆ ವರ್ಷದ ಆಗಸ್ಟಿನ ಮಾತು ಬಾರದೆ ಈ ನಾಡಿನಲ್ಲಿ ಎತ್ತರದ ಗಾಡಿಯ ಮಾತು ಮುಗಿಯುವುದಿಲ್ಲ. ಆಗಸ್ಟ್ 9ರಂದು ಇಡುಕ್ಕಿಯ ಚೆರುತೋಣಿ ಅಣೆಕಟ್ಟೆಯ ಬಾಗಿಲು 26 ವರ್ಷಗಳ ನಂತರ ತೆರೆಯಿತು. 15ರ ಹೊತ್ತಿಗೆ ಪೆರಿಯಾರ್ ಆಲುವಾವನ್ನು ನುಂಗಿತು, ನೆಡುಂಬಾಶ್ಶೇರಿಯ ವಿಮಾನ ನಿಲ್ದಾಣ ಮುಚ್ಚಿ 29ರವರೆಗೆ ತೆರೆಯಲಿಲ್ಲ. ಪಂಬಾ ನದಿ ಚೆಂಗನ್ನೂರು, ಪಾಂಡನಾಡನ್ನು ಕಡಲಾಗಿಸಿತು. ಸೈನ್ಯದ ದೋಣಿ ಬರುವವರೆಗೆ ಕಾಯುವಂತಿರಲಿಲ್ಲ, ಚೆಂಗನ್ನೂರಿನ ಶಾಸಕರು ಟಿವಿಯಲ್ಲಿ ಅಳುತ್ತ ಸಹಾಯ ಬೇಡಿದರು. ಅಷ್ಟರಲ್ಲಿ ತಿರುವನಂತಪುರ, ಕೊಲ್ಲಂ ಕರಾವಳಿಯಲ್ಲಿ ದೋಣಿಗಳು ರಸ್ತೆ ಹತ್ತತೊಡಗಿದ್ದವು.

ವಿಳಿಞ್ಞಂ, ಪೂಂತುರ, ವಲಿಯತುರ, ಅಂಜುತೆಂಗು. ಚರ್ಚಿನ ಮೈಕಿನಲ್ಲಿ ಕರೆ ಹೋಯಿತು. ಫೈಬರ್ ದೋಣಿಯನ್ನು ಮರಳಿನಿಂದ ಹೆಗಲ ಮೇಲೆ ಎತ್ತಿ ಲಾರಿಯ ಮೇಲಿಡಲು ಇಪ್ಪತ್ತು ಮೂವತ್ತು ಜನ ಬೇಕು. ಮೂತಿ ಕ್ಯಾಬಿನ್ನಿನ ಮೇಲೆ ಚಾಚಿ, ಹಿಂಭಾಗ ಬಾಗಿಲಿನಿಂದಾಚೆ ತೂಗುತ್ತ, ತೆಂಗಿನ ನಾರಿನ ಹಗ್ಗದ ಬಿಗಿತ. ಟಿಪ್ಪರು, ಟಾರಸ್, ಮಿನಿ ಲಾರಿ, ಯಾವುದು ಸಿಕ್ಕರೆ ಅದು. ದೋಣಿ ಹಿಡಿಸದ ಪಿಕಪ್‌ಗಳಲ್ಲಿ ಔಟ್‌ಬೋರ್ಡ್ ಎಂಜಿನ್ನು, ಸೀಮೆಎಣ್ಣೆಯ ಕ್ಯಾನು, ಹಗ್ಗ, ಬ್ರೆಡ್ಡು, ಕುಡಿಯುವ ನೀರು. ಈಜಬಲ್ಲ ಹುಡುಗರು ಇವುಗಳ ನಡುವೆಯೇ ಕುಕ್ಕುರುಗಾಲಲ್ಲಿ. ಕೇಶವದಾಸಪುರದಿಂದ ಎಂಸಿ ರಸ್ತೆ ಹಿಡಿದು ಕಿಳಿಮಾನೂರು, ಕೊಟ್ಟಾರಕ್ಕರ, ಅಡೂರು, ಪಂದಳಂ. ಕಡಲಿನವರು ಬದುಕಿನಲ್ಲಿ ಮೊದಲ ಬಾರಿಗೆ ತಮ್ಮ ದೋಣಿಯ ಜೊತೆ ರಬ್ಬರ್ ತೋಟಗಳ ನಡುವೆ ನೂರು ಕಿಲೋಮೀಟರಿಗೂ ಹೆಚ್ಚು ಪ್ರಯಾಣ ಮಾಡಿದರು. ನೀರು ಟೈರಿನ ಅರ್ಧಕ್ಕೆ ಬಂದಲ್ಲಿ ಲಾರಿ ನಿಲ್ಲಿಸಿ, ರಸ್ತೆಯ ಮೇಲೆಯೇ ದೋಣಿ ಇಳಿಸಿದರು. ಆ ರಸ್ತೆ ಅಲ್ಲಿಂದ ಮುಂದೆ ಹೊಳೆಯಾಗಿತ್ತು.

ಕೊಚ್ಚಿಯ ಕಡೆ ಪರವೂರು, ಚೇಂದಮಂಗಲಂ, ಕುನ್ನುಕರದ ಮನೆಗಳಿಂದ ಜನರನ್ನು ದಡಕ್ಕೆ ತಂದ ಮೇಲೆ ಶಿಬಿರಕ್ಕೆ ಮುಟ್ಟಿಸಬೇಕಿತ್ತು. ಕಾರುಗಳಿಗೆ ಆ ನೀರು ಆಗದು. ಏರ್ ಇನ್‌ಟೇಕಿಗೆ ನೀರು ಹೊಕ್ಕರೆ ಎಂಜಿನ್ ಅಲ್ಲಿಗೇ ಮುಗಿಯಿತು. ಆಗ ಕೇರಳದ ಆಫ್‌ರೋಡ್ ಹವ್ಯಾಸಿಗಳ ಫೋರ್ ಬೈ ಫೋರ್ ಜೀಪು, ಪಿಕಪ್‌ಗಳು ನೀರಿಗಿಳಿದವು. ವಾಗಮಣ್ ಬೆಟ್ಟದ ಕೆಸರಿನಲ್ಲಿ ಆಟಕ್ಕೆ ಕಲಿತದ್ದು ಕೆಲಸಕ್ಕೆ ಬಂತು. ನಾಲ್ಕೂ ಚಕ್ರಕ್ಕೆ ಶಕ್ತಿ ಕೊಟ್ಟು, ಲೋ ರೇಂಜಿನಲ್ಲಿ, ಮೊದಲ ಗೇರು. ಆಕ್ಸಿಲರೇಟರು ಒಂದೇ ಸಮ. ನಡುವೆ ಕಾಲು ಎತ್ತಿದರೆ ಹೊಗೆಕೊಳವೆಯಿಂದ ನೀರು ಒಳಗೆ ಬರಬಹುದು, ಜೋರಾಗಿ ಒತ್ತಿದರೆ ಎದ್ದ ಅಲೆ ಪಕ್ಕದಲ್ಲಿ ಎದೆಮಟ್ಟ ನಿಂತ ಮನುಷ್ಯರನ್ನು ಬೀಳಿಸಬಹುದು. ಹಿಂದಿನ ಬಾಡಿಯಲ್ಲಿ ಮುದುಕಿಯರು, ಬಾಣಂತಿಯರು, ಮೇಕೆ, ಸೊಂಟಕ್ಕೆ ಕಟ್ಟಿಕೊಂಡ ಪ್ಲಾಸ್ಟಿಕ್ ಚೀಲದಲ್ಲಿ ರೇಷನ್ ಕಾರ್ಡು, ಮನೆಯ ಪತ್ರ. ಅಲ್ಲಿ ಜನರನ್ನು ಕೂರಿಸಬಾರದೆಂಬ ನಿಯಮದ ಬಗ್ಗೆ ಆ ದಿನಗಳಲ್ಲಿ ಯಾರೂ ಕೇಳಲಿಲ್ಲ. ಎಪ್ಪತ್ತು ಸೆಂಟಿಮೀಟರ್ ನೀರು ಎಂಬ ಕಂಪನಿಯ ಅಂಕಿಯನ್ನು ಕೊಚ್ಚಿಯವರು ಇಂದು ಶೋರೂಮಿನಲ್ಲಿ ಕೇಳಿದಾಗ ಅವರ ಮನಸ್ಸಿನಲ್ಲಿ ಯಾವುದೋ ಒಂದು ಗೋಡೆಯ ಗುರುತು ಇರುತ್ತದೆ. ಇಲ್ಲಿಯವರೆಗೆ ಬಂದಿತ್ತು ಎಂದು ಅವರು ಮನೆಗೆ ಬಂದವರಿಗೆ ಕೈಯಿಟ್ಟು ತೋರಿಸುವ ಗುರುತು.

ಸರ್ಕಾರದ ಲೆಕ್ಕದಲ್ಲಿ 669 ದೋಣಿಗಳಲ್ಲಿ ಹೋದ ನಾಲ್ಕೂವರೆ ಸಾವಿರ ಮೀನುಗಾರರು 65,000ಕ್ಕೂ ಹೆಚ್ಚು ಜನರನ್ನು ಉಳಿಸಿದರು. ಪ್ರವಾಹ 483 ಜೀವ ತೆಗೆದುಕೊಂಡಿತ್ತು. ಆ ಮೀನುಗಾರರನ್ನು ಅಂದಿನ ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಕೇರಳದ ಸ್ವಂತ ಸೈನ್ಯ ಎಂದು ಕರೆದರು. ಗೇಟು, ಕಾಂಪೌಂಡು, ಮುಳುಗಿದ ಕಾರುಗಳಿಗೆ ಉಜ್ಜಿ ತಳ ಹರಿದ ದೋಣಿಗಳು ಬಂದ ಲಾರಿಗಳಲ್ಲೇ ಹಿಂದಿರುಗಿದವು. ದಾರಿಯುದ್ದಕ್ಕೂ ಜನ ನಿಂತು ಚಪ್ಪಾಳೆ ತಟ್ಟಿದರು, ಕೈಗೆ ಸಿಕ್ಕಿದ್ದನ್ನು ಗಾಡಿಗೆ ಹಾಕಿದರು. ದೋಣಿ ಹೊತ್ತ ಗಾಡಿಗಳ ಚಾಲಕರ ಲೆಕ್ಕವನ್ನು ಯಾರೂ ಬರೆದಿಡಲಿಲ್ಲ. ಬರೆದಿಡಬೇಕಿತ್ತು ಎಂಬುದು ನನ್ನ ಮನಸ್ಸಿನಲ್ಲಿ ಇಂದಿಗೂ ಉಳಿದಿರುವ ಕೊರಗು.

ಆಮೇಲಿನ ವಾರಗಳ ಕೆಲಸ ಪಿಕಪ್‌ಗಳದೇ. ಕಡವಂತ್ರದ ಕ್ರೀಡಾಂಗಣದಲ್ಲಿ ‘ಅನ್ಬೊಡು ಕೊಚ್ಚಿ’ ಎಂಬ ಸ್ವಯಂಸೇವಕರ ಗುಂಪಿನ ಯುವಕರು ಕಟ್ಟಿದ ಅಕ್ಕಿ, ಬೇಳೆ, ಸ್ಯಾನಿಟರಿ ಪ್ಯಾಡು, ಬ್ಲೀಚಿಂಗ್ ಪುಡಿಯ ಪೊಟ್ಟಣಗಳು ಹೋಗಬೇಕಿದ್ದುದು ದೊಡ್ಡ ಲಾರಿ ನುಗ್ಗದ ಓಣಿಗಳಿಗೆ. ಚೇಂದಮಂಗಲದ ನೇಕಾರರ ಮಗ್ಗಗಳು ಕೆಸರಿನಲ್ಲಿ ಮುಳುಗಿದ್ದವು, ಓಣಂಗೆಂದು ನೆಯ್ದಿಟ್ಟ ಬಟ್ಟೆ ಪೂರಾ ಹಾಳು. ಆ ಬಟ್ಟೆಯನ್ನೇ ತೊಳೆದು, ಕತ್ತರಿಸಿ ‘ಚೇಕುಟ್ಟಿ’ ಗೊಂಬೆ ಮಾಡಿ ಮಾರಿ ನೇಕಾರರಿಗೆ ಹಣ ಮುಟ್ಟಿಸಿದರು. ಮರುವರ್ಷ, 2019ರ ಆಗಸ್ಟಿನಲ್ಲಿ, ಉತ್ತರದ ಜಿಲ್ಲೆಗಳು ಮುಳುಗಿದಾಗ ತಿರುವನಂತಪುರದ ನಗರ ಪಾಲಿಕೆ ಮೇಯರ್ ವಿ. ಕೆ. ಪ್ರಶಾಂತ್ ಮುಂದಾಳತ್ವದಲ್ಲಿ ಲೋಡಿನ ಮೇಲೆ ಲೋಡು ಸಾಮಾನು ಕಳಿಸಿತು.

ಇಂಥ ದೊಡ್ಡ ಸಂದರ್ಭ ಇಲ್ಲದಾಗಲೂ ಪಿಕಪ್ ಇಟ್ಟವನು ತನ್ನ ಬೀದಿಗೆ ಸೇರಿದವನು. ಮನೆ ಬದಲಿಸುವವರು, ತಂಗಿಯ ಮನೆಗೆ ಬಾಳೆಕಂದು ಕಳಿಸುವವರು, ಕ್ಲಬ್ಬಿನ ಕೇರಂ ಬೋರ್ಡು, ಫೋರ್ಟ್ ಕೊಚ್ಚಿಯಲ್ಲಿ ಡಿಸೆಂಬರ್ 31ರ ರಾತ್ರಿ ಸುಡುವ ಪಪ್ಪಾಂಜಿ ಎಂಬ ಬೊಂಬೆಗೆ ಬೇಕಾದ ಬಿದಿರು, ಹುಲ್ಲು, ಎಲ್ಲಕ್ಕೂ ಅವನ ಬಾಗಿಲು ತಟ್ಟುತ್ತಾರೆ. ಕೋವಿಡ್ ಕಾಲದಲ್ಲಿ ಕೆಲಸ ಹೋದವರು ರಸ್ತೆ ಬದಿಯಲ್ಲಿ ಗಾಡಿ ನಿಲ್ಲಿಸಿ, ಹಿಂಬಾಗಿಲು ಇಳಿಸಿ, ಬಿರಿಯಾನಿ ಪೊಟ್ಟಣ, ಮರಗೆಣಸು, ಅನಾನಸ್ ಮಾರಿದರು. ಇಳಿಸಿದ ಹಿಂಬಾಗಿಲೇ ಅಂಗಡಿಯ ಕಟ್ಟೆ.

ಈ ಎಲ್ಲ ಹೊರೆಗಳಲ್ಲಿ ನನಗೆ ಹೆಚ್ಚು ನೆನಪಿನಲ್ಲಿ ನಿಲ್ಲುವುದು ಆಟ್ಟುಕಾಲಿನ ಇಟ್ಟಿಗೆ. ಕುಂಭ ಮಾಸದಲ್ಲಿ ಆಟ್ಟುಕಾಲ್ ದೇವಿಗೆ ಹೆಂಗಸರು ಬೀದಿಯಲ್ಲೇ ನೈವೇದ್ಯ ಬೇಯಿಸುವ ಪೊಂಗಾಲದ ದಿನ ತಿರುವನಂತಪುರ ಹೆಂಗಸರ ಊರು. 2009ರಲ್ಲಿ ಗಿನ್ನೆಸ್ ದಾಖಲೆ ಬರೆದಾಗ ಇಪ್ಪತ್ತೈದು ಲಕ್ಷ ಮಹಿಳೆಯರು. ದೇವಸ್ಥಾನದಿಂದ ಶುರುವಾದ ಒಲೆಗಳ ಸಾಲು ಕಿಲೋಮೀಟರುಗಟ್ಟಲೆ ಚಾಚಿ, ರೈಲು ನಿಲ್ದಾಣದ ಎದುರಿಗೂ ಸರ್ಕಾರಿ ಕಚೇರಿಗಳ ಗೋಡೆಯ ಪಕ್ಕಕ್ಕೂ ಬರುತ್ತದೆ. ಮೂರು ಇಟ್ಟಿಗೆ, ಒಂದು ಮಣ್ಣಿನ ಮಡಕೆ, ತೆಂಗಿನ ಗರಿಯ ಬೆಂಕಿ. ಮಧ್ಯಾಹ್ನ ನೈವೇದ್ಯವಾಗಿ ಹೆಂಗಸರು ಮಡಕೆ ಹೊತ್ತು ಹೊರಟರೆ ರಸ್ತೆಯ ಮೇಲೆ ಉಳಿಯುವುದು ಬೂದಿ ಮತ್ತು ಮಸಿ ಹಿಡಿದ ಲೆಕ್ಕವಿಲ್ಲದಷ್ಟು ಇಟ್ಟಿಗೆಗಳು. ನಗರ ಪಾಲಿಕೆ ಅವನ್ನು ಒಟ್ಟುಮಾಡಿ, ಮನೆಯಿಲ್ಲದವರಿಗೆ ಲೈಫ್ ಯೋಜನೆಯಲ್ಲಿ ಕಟ್ಟುವ ಮನೆಗಳಿಗೆ ಕೊಡುತ್ತ ಬಂದಿದೆ.

ಸಂಜೆಯಾಗುತ್ತಿದ್ದಂತೆ ನೀರಿನ ಟ್ಯಾಂಕರು ರಸ್ತೆ ತೊಳೆಯುತ್ತ ಬರುತ್ತದೆ, ಅದಕ್ಕಿಂತ ಮುಂದೆ ಪಿಕಪ್‌ಗಳು. ಕಾಲೇಜಿನ ಹುಡುಗ ಹುಡುಗಿಯರು ಸಾಲಾಗಿ ನಿಂತು ಇಟ್ಟಿಗೆಯನ್ನು ಕೈಯಿಂದ ಕೈಗೆ ದಾಟಿಸುತ್ತಾರೆ. ಇನ್ನೂ ಬಿಸಿ ಆರಿರುವುದಿಲ್ಲ, ಒಬ್ಬಳು ದುಪಟ್ಟಾದ ಅಂಚು ಸುತ್ತಿ ಹಿಡಿದಿದ್ದಾಳೆ. ಒಂದು ಇಟ್ಟಿಗೆ ಮೂರು ಕಿಲೋ, ಐನೂರಾದರೆ ಒಂದೂವರೆ ಟನ್. 1.7 ಟನ್ನಿನ ಬೊಲೆರೊ ತಡೆದೀತು. ಚಾಲಕ ಇಳಿದು ಬಂದು, ಮೊಣಕಾಲೂರಿ, ಹಿಂದಿನ ಪ್ಲೇಟುಗಳು ಎಷ್ಟು ಕೂತಿವೆ ಎಂದು ಟಾರ್ಚು ಹಾಕಿ ನೋಡುತ್ತಾನೆ. ಕಮಾನು ನೇರವಾಗಿದೆ, ಟೈರಿಗೂ ಬಾಡಿಗೂ ನಡುವೆ ಇನ್ನೂ ಒಂದು ಗೇಣು ಉಳಿದಿದೆ. ಎದ್ದು ನಿಂತು ಕೈಯ ಮಸಿಯನ್ನು ಲುಂಗಿಗೆ ಒರೆಸಿಕೊಂಡು, ಇನ್ನೊಂದು ಇಪ್ಪತ್ತು ಹಾಕಿ ಎನ್ನುತ್ತಾನೆ. ಸಾಲು ಮತ್ತೆ ಚುರುಕಾಗುತ್ತದೆ, ಹಿಂದೆ ನಿಂತ ಗಾಡಿಯವನು ಹಾರ್ನು ಹಾಕಿ ತನ್ನ ಸರದಿ ಕೇಳುತ್ತಾನೆ.